ನೆತ್ತಿಯ ಮೇಲಿನ ಮಾಯದ ಕಲೆ

ಮನುಷ್ಯನು ತಾನೇ ನೋಡಿಕೊಳ್ಳಲಾರದ ಅಂಗಭಾಗಗಳಲ್ಲಿ ನೆತ್ತಿಯೂ ಒಂದು. ಕೂದಲು ಅದನ್ನು ಮರೆಮಾಡುತ್ತದೆ. ಕನ್ನಡಿ ಅದನ್ನು ತೋರಿಸದು. ಆದುದರಿಂದಲೇ ಅಲ್ಲಿ ಹುಟ್ಟುವ ಕೆಲವು ರೋಗಗಳು ಬಹುಕಾಲ ಯಾರ ಗಮನಕ್ಕೂ ಬಾರದೆ ಬೆಳೆಯುತ್ತವೆ. ಆಂಜಿಯೋಸಾರ್ಕೋಮ ಎಂಬ ಕ್ಯಾನ್ಸರ್ ಅಂತಹವುಗಳಲ್ಲಿ ಒಂದು. ಅದು ವಿರಳವಾದುದು, ಆದರೆ ಉಗ್ರವಾದುದು.

ರಕ್ತನಾಳಗಳ ಒಳಪದರದ ಜೀವಕೋಶಗಳಿಂದ ಹುಟ್ಟುವ ಈ ರೋಗವು ಚರ್ಮದಲ್ಲಿ ತಲೆದೋರಿದಾಗ ಬಹುಮಟ್ಟಿಗೆ ವೃದ್ಧರ ನೆತ್ತಿಯಲ್ಲಿ ಅಥವಾ ಮುಖದಲ್ಲಿ ಕಾಣಿಸಿಕೊಳ್ಳುತ್ತದೆ. ಆರಂಭದಲ್ಲಿ ಪೆಟ್ಟುಬಿದ್ದು ರಕ್ತ ಹೆಪ್ಪುಗಟ್ಟಿದಂತಹ ಕೆನ್ನೀಲಿ ಕಲೆ. ಹಲವರಿಗೆ ನೋವೇ ಇರುವುದಿಲ್ಲ. ‘ಬಾಗಿಲಿಗೆ ತಲೆ ತಾಗಿರಬೇಕು’ ಎಂದು ಮನೆಯವರು ಮುಲಾಮು ಹಚ್ಚಿ ಸುಮ್ಮನಾಗುತ್ತಾರೆ. ಆದರೆ ಪೆಟ್ಟಿನ ಕಲೆಯು ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಬಣ್ಣ ಬದಲಿಸಿ ಮಾಯುತ್ತದೆ. ಇದು ಮಾಯದೆ ಹರಡುತ್ತದೆ, ಗಂಟಾಗುತ್ತದೆ, ಹುಣ್ಣಾಗಿ ರಕ್ತ ಒಸರುತ್ತದೆ.

ಬರಿಗಣ್ಣಿನ ನೋಟದಿಂದ ರೋಗನಿರ್ಣಯ ಸಾಧ್ಯವಿಲ್ಲ. ಆ ಭಾಗಕ್ಕೆ ಮಾತ್ರ ಅರಿವಳಿಕೆ ನೀಡಿ, ಚರ್ಮದ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯೇ ಪ್ರಮಾಣ. ಸಿಡಿ-31, ಇಆರ್‌ಜಿ ಮುಂತಾದ ಗುರುತುಗಳ ಪರೀಕ್ಷೆಯಿಂದ ಅದು ರಕ್ತನಾಳದ ಕ್ಯಾನ್ಸರ್ ಎಂಬುದು ದೃಢಪಡುತ್ತದೆ. ಈ ರೋಗವು ಶ್ವಾಸಕೋಶಗಳಿಗೆ ಹಬ್ಬುವ ಸ್ವಭಾವದ್ದಾದುದರಿಂದ ಎದೆಯ ಸಿ.ಟಿ. ಸ್ಕ್ಯಾನ್ ಕೂಡ ಅವಶ್ಯ.

ಸಾಧ್ಯವಿದ್ದಲ್ಲಿ ಶಸ್ತ್ರಚಿಕಿತ್ಸೆಯೇ ಮೊದಲ ಮಾರ್ಗ. ಕಣ್ಣಿಗೆ ಕಾಣುವ ಅಂಚಿನಾಚೆಗೂ ರೋಗವು ಚರ್ಮದೊಳಗೆ ಹಬ್ಬಿರುವುದರಿಂದ ವಿಶಾಲವಾಗಿ ಕತ್ತರಿಸಿ, ಬೇರೆಡೆಯ ಚರ್ಮವನ್ನು ಕಸಿ ಮಾಡಬೇಕಾಗುತ್ತದೆ. ಅನಂತರ ವಿಕಿರಣ ಚಿಕಿತ್ಸೆ. ಶಸ್ತ್ರಚಿಕಿತ್ಸೆಗೆ ಎಟುಕದವರಿಗೆ ಪ್ಯಾಕ್ಲಿಟ್ಯಾಕ್ಸೆಲ್‌ನಂತಹ ಔಷಧಿ. ಇಷ್ಟೆಲ್ಲ ಮಾಡಿದರೂ ರೋಗ ಮರುಕಳಿಸುವುದುಂಟು. ಗಡ್ಡೆಯು ಐದು ಸೆಂಟಿಮೀಟರಿಗಿಂತ ಚಿಕ್ಕದಿರುವಾಗ ಪತ್ತೆಯಾದವರಿಗೆ ಮಾತ್ರ ಹೆಚ್ಚಿನ ಭರವಸೆ. ಕಳೆದ ಪ್ರತಿ ತಿಂಗಳೂ ರೋಗಿಯ ಲೆಕ್ಕದಲ್ಲಿ ಖರ್ಚೇ.

ಹೈದರಾಬಾದಿನ ಕನ್ನಡಿಗರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ರೆಡ್ ಹಿಲ್ಸ್‌ನಲ್ಲಿರುವ ಎಂ.ಎನ್.ಜೆ. ಕ್ಯಾನ್ಸರ್ ಸಂಸ್ಥೆಯು ಸರ್ಕಾರಿ ಆಸ್ಪತ್ರೆ. ಮುಂದೆ ಗುಜರಾತಿನ ಪ್ರಥಮ ರಾಜ್ಯಪಾಲರಾದ ಮೆಹದಿ ನವಾಜ್ ಜಂಗ್ ಅವರ ಹೆಸರನ್ನು ಹೊತ್ತ ಈ ಸಂಸ್ಥೆ 1955ರಲ್ಲಿ ಆರಂಭವಾಯಿತು. ಆಗ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಇನ್ನೂ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. 1956ರಲ್ಲಿ ಅವು ಮೈಸೂರು ರಾಜ್ಯವನ್ನು ಸೇರಿದವು.

ನಮ್ಮ ಮನೆಗಳಲ್ಲಿ ಅಭ್ಯಂಜನದ ಸಂಪ್ರದಾಯವಿದೆ. ಹಿರಿಯರ ತಲೆಗೆ ಎಣ್ಣೆ ಒತ್ತುವ ಕೈಗಳು ಕೂದಲನ್ನು ಸರಿಸಿ ನೆತ್ತಿಯನ್ನೂ ಒಮ್ಮೆ ನೋಡಲಿ. ನಾಲ್ಕು ವಾರಗಳಾದರೂ ಮಾಯದ ಕಲೆ, ಗಂಟು ಅಥವಾ ಹುಣ್ಣು ಕಂಡಲ್ಲಿ ಚರ್ಮವೈದ್ಯರನ್ನು ಕಾಣಬೇಕು. ತೆಗೆಸಿದ ಗಂಟು ಎಷ್ಟೇ ಚಿಕ್ಕದಿರಲಿ, ಅದನ್ನು ಪ್ರಯೋಗಾಲಯಕ್ಕೆ ಕಳುಹಿಸುವಂತೆ ವೈದ್ಯರನ್ನು ಕೇಳಬೇಕು. ಇಂತಹ ಕಲೆಗಳಲ್ಲಿ ಬಹುಪಾಲು ನಿರಪಾಯಕಾರಿಯೇ. ಆದರೆ ಅದನ್ನು ಹೇಳಬೇಕಾದುದು ನಮ್ಮ ಊಹೆಯಲ್ಲ, ಪರೀಕ್ಷೆ.