ಡಿ ಅಕ್ಷರದ ಮಾತುಗಳು

ನಮಗೆ ಇಂಗ್ಲಿಷ್ ಬರೋದಿಲ್ಲ ಅಂತ ನೀವು ಹೇಳುತ್ತೀರಿ. ಆದರೆ ಮಗುವಿಗೆ ಜ್ವರ ಬಂದಾಗ ಯಾರ ಹತ್ತಿರ ಹೋಗುತ್ತೀರಿ? ಡಾಕ್ಟರ ಹತ್ತಿರ. ಬಸ್ಸು ಓಡಿಸುವವರು ಯಾರು? ಡ್ರೈವರು. ರಾತ್ರಿ ಬಸ್ಸು ಎಲ್ಲಿ ನಿಲ್ಲುತ್ತದೆ? ಡಿಪೋದಲ್ಲಿ. ಸಂತೆಯಲ್ಲಿ ಬಾಳೆಹಣ್ಣು ಹೇಗೆ ಕೊಳ್ಳುತ್ತೀರಿ? ಡಜನ್ ಲೆಕ್ಕದಲ್ಲಿ. ಇವೆಲ್ಲಾ ಇಂಗ್ಲಿಷ್ ಮಾತುಗಳೇ. ಎಲ್ಲವೂ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಆ ಅಕ್ಷರ ಡಿ.

ಎಬಿಸಿಡಿ ಪೂರ್ತಿ ಉರು ಹೊಡೆದ ಮೇಲೆಯೇ ಮಾತು ಕಲಿಯಬೇಕು ಅಂತ ಏನಿಲ್ಲ. ಈ ಪಾಠದಲ್ಲಿ ನಾವು ಡಿ ಒಂದನ್ನೇ ಹಿಡಿದುಕೊಂಡಿದ್ದೇವೆ. ಯಾಕೆಂದರೆ ಬ್ಯಾಂಕಿನ ಪುಸ್ತಕದಲ್ಲಿ, ಔಷಧಿ ಚೀಟಿಯಲ್ಲಿ, ಜಮೀನಿನ ಕಾಗದದಲ್ಲಿ ಹೆಂಗಸರಿಗೆ ಎದುರಾಗುವ ಎಷ್ಟೋ ಮಾತುಗಳು ಈ ಅಕ್ಷರದವು.

ದೊಡ್ಡ ಡಿ ಹೇಗಿರುತ್ತದೆ ಗೊತ್ತಾ? ನಿಲ್ಲಿಸಿದ ಬಿಲ್ಲಿನ ಹಾಗೆ. ಎಡಗಡೆ ನೆಟ್ಟಗಿನ ಹಗ್ಗ, ಬಲಗಡೆ ಬಾಗಿದ ಕೋಲು. ಸಣ್ಣ ಡಿ ಬೇರೆ ಥರ. ಒಂದು ಸೊನ್ನೆ ಬರೆಯಿರಿ. ಅದರ ಬಲಕ್ಕೆ ಅಂಟಿದ ಹಾಗೆ ಉದ್ದ ಕಡ್ಡಿ ಎಳೆಯಿರಿ. ಕಡ್ಡಿ ಎಡಕ್ಕೆ ಬಂದರೆ ಅದು ಬಿ ಆಗಿಬಿಡುತ್ತದೆ. ಕಡ್ಡಿ ಯಾವ ಕಡೆ ಇದೆ ಅಂತ ನೋಡಿಕೊಳ್ಳಿ, ಅಷ್ಟೇ.

ಇನ್ನು ಬ್ಯಾಂಕಿನ ಪಾಸ್‌ಬುಕ್ ತೆಗೆಯೋಣ. ಅದರಲ್ಲಿ ಡೆಪಾಸಿಟ್ ಅನ್ನುವ ಮಾತಿದೆ. ಹಾಗಂದರೆ ಇಟ್ಟದ್ದು, ಠೇವಣಿ. ನಮ್ಮ ಹಿರಿಯರು ಇಡುಗಂಟು ಅನ್ನುತ್ತಿದ್ದರು. ಬಸ್ಸು ನಿಲ್ಲಿಸುವ ಡಿಪೋ ಇದೆಯಲ್ಲ, ಅದೂ ಇದೇ ಬುಡದಿಂದ ಬಂದ ಮಾತು. ದುಡ್ಡು ಇಟ್ಟರೆ ಡೆಪಾಸಿಟ್, ಬಸ್ಸು ಇಟ್ಟರೆ ಡಿಪೋ. ಡಿಪೋ ಬರೆಯುವಾಗ ಕೊನೆಯಲ್ಲಿ ಟಿ ಬರೆಯುತ್ತಾರೆ, ಓದುವಾಗ ನುಂಗಿಬಿಡುತ್ತಾರೆ. ಚುನಾವಣೆಯಲ್ಲಿ ಡೆಪಾಸಿಟ್ ಕಳೆದುಕೊಂಡ ಅಂತಾರಲ್ಲ, ಅದೂ ಇದೇ. ನಿಂತವರು ಮೊದಲು ಇಡುಗಂಟು ಕಟ್ಟಬೇಕು. ಸೋತವರಿಗೆ ಸರಿಯಾದ ಓಟುಗಳಲ್ಲಿ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬರದಿದ್ದರೆ ಆ ದುಡ್ಡು ಹೋಯಿತು.

ಈಗ ಮಾತಿನ ರೂಪ ನೋಡಿ. ಕನ್ನಡದಲ್ಲಿ ಇಡು, ಇಟ್ಟ, ಇಟ್ಟವಳು ಅನ್ನುತ್ತೇವೆ. ಬುಡ ಒಂದೇ, ಬಾಲ ಬೇರೆ ಬೇರೆ. ಇಂಗ್ಲಿಷಿನಲ್ಲೂ ಹಾಗೇ. ಡೆಪಾಸಿಟ್ ಅಂದರೆ ಇಡು. ಡೆಪಾಸಿಟೆಡ್ ಅಂದರೆ ಇಟ್ಟಾಯಿತು. ಡೆಪಾಸಿಟರ್ ಅಂದರೆ ಇಟ್ಟವರು. ಡ್ರೈವ್ ಅಂದರೆ ಓಡಿಸು, ಡ್ರೈವರ್ ಅಂದರೆ ಓಡಿಸುವವರು. ಈ 'ಅರ್' ಬಾಲ ಮನುಷ್ಯರನ್ನು ತೋರಿಸುತ್ತದೆ.

ಇನ್ನೊಂದು ಬಾಲ 'ಎಡ್'. ಅದರಲ್ಲಿ ಇ ಅಕ್ಷರ, ಆಮೇಲೆ ಡಿ. ಅಂದರೆ ನಮ್ಮ ಡಿ ಮಾತಿನ ತಲೆಯಲ್ಲೂ ಬರುತ್ತದೆ, ಬಾಲದಲ್ಲೂ ಬರುತ್ತದೆ. ಬಾಲದಲ್ಲಿ ಇ ಜೊತೆ ಬಂದರೆ ಸಾಮಾನ್ಯವಾಗಿ ಕೆಲಸ ಆಗಿಹೋಯಿತು ಅಂತ ಅರ್ಥ. ಫೋನಿಗೆ ಬ್ಯಾಂಕಿನಿಂದ ಸಂದೇಶ ಬರುತ್ತದೆ. ಅದರಲ್ಲಿ ಡೆಬಿಟೆಡ್ ಅಂತ ಇದ್ದರೆ ನಿಮ್ಮ ಖಾತೆಯಿಂದ ದುಡ್ಡು ಹೋಗಿ ಆಗಿದೆ. ಹೋಗುತ್ತದೆ ಅಂತಲ್ಲ, ಹೋಗಿದೆ. ಡೆಬಿಟ್ ಅಂದರೆ ಖಾತೆಯಿಂದ ಕಳೆದದ್ದು. ಕ್ರೆಡಿಟೆಡ್ ಅಂತ ಇದ್ದರೆ ಬಂದು ಸೇರಿದೆ. ನೀವು ತೆಗೆಯದೆ ಡೆಬಿಟೆಡ್ ಅಂತ ಬಂದರೆ ಅವತ್ತೇ ಬ್ಯಾಂಕಿಗೆ ಹೋಗಿ ಕೇಳಬೇಕು. ತಡ ಮಾಡಬಾರದು. ಕೊನೆಯಲ್ಲಿ ಡಿ ಇರುವ ಮಾತೆಲ್ಲಾ ಹೀಗೆ ಅಂತ ತಿಳಿಯಬೇಡಿ. ಕಾರ್ಡ್, ಬ್ಲಡ್ ಇವಕ್ಕೂ ಕೊನೆಯಲ್ಲಿ ಡಿ ಇದೆ, ಅವು ಬರೀ ಹೆಸರುಗಳು.

ಪಾಸ್‌ಬುಕ್ಕಿನಲ್ಲಿ ಮೊತ್ತದ ಪಕ್ಕ ಕೆಲವು ಕಡೆ ಡಿ, ಆರ್ ಎಂಬ ಎರಡೇ ಅಕ್ಷರ ಇರುತ್ತದೆ. ಡಾಕ್ಟರ ಹೆಸರಿನ ಮುಂದೆಯೂ ಅವೇ ಎರಡು ಅಕ್ಷರ. ಹೆಸರಿನ ಮುಂದೆ ಇದ್ದರೆ ಡಾಕ್ಟರು. ಮೊತ್ತದ ಪಕ್ಕ ಇದ್ದರೆ ಡೆಬಿಟ್. ಎರಡೂ ಕಡೆ ದುಡ್ಡು ಹೋಗುವುದಂತೂ ಸರಿಯೇ!

ಇಟ್ಟ ದುಡ್ಡಿಗೆ ಕಾವಲು ಇದೆಯಾ ಅಂತ ನೀವು ಕೇಳಬಹುದು. ಬ್ಯಾಂಕು ಮುಳುಗಿದರೆ ಒಂದು ಬ್ಯಾಂಕಿನಲ್ಲಿ ಒಬ್ಬ ಡೆಪಾಸಿಟರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಅದು 1 ಲಕ್ಷ ಮಾತ್ರ ಇತ್ತು. ಊರಿನ ಚೀಟಿಗೆ, ಹೆಚ್ಚು ಬಡ್ಡಿ ಕೊಡ್ತೀವಿ ಅಂತ ಮನೆ ಬಾಗಿಲಿಗೆ ಬರುವ ಕಂಪನಿಗೆ ಈ ವಿಮೆ ಇಲ್ಲ. ಅವರೂ ಡೆಪಾಸಿಟ್ ಅನ್ನುವ ಮಾತನ್ನೇ ಬಳಸುತ್ತಾರೆ. ಮಾತು ಒಂದೇ ಆದರೂ ಕಾವಲು ಒಂದೇ ಅಲ್ಲ.

ಸಾಲ ತೆಗೆದವರಿಗೆ ಡ್ಯೂ ಅನ್ನುವ ಮಾತು ಚೆನ್ನಾಗಿ ಗೊತ್ತು. ಡ್ಯೂ ಅಂದರೆ ಬಾಕಿ, ಕೊಡಬೇಕಾದದ್ದು. ಡ್ಯೂ ಡೇಟ್ ಅಂದರೆ ಕಂತು ಕಟ್ಟಬೇಕಾದ ತಾರೀಕು. ಓವರ್ ಡ್ಯೂ ಅಂದರೆ ಆ ತಾರೀಕು ದಾಟಿದ ಬಾಕಿ. ಡೆಟ್ ಅಂದರೆ ಸಾಲ. ಅದನ್ನು ಬರೆಯುವಾಗ ಮಧ್ಯೆ ಒಂದು ಬಿ ಇರುತ್ತದೆ, ಓದುವಾಗ ಬಿಡುತ್ತಾರೆ. ಡೆಟ್, ಡೆಬಿಟ್, ಡ್ಯೂ ಮೂರೂ ಅಕ್ಕತಂಗಿಯರು. ನರ್ಸಮ್ಮ ಡ್ಯೂಟಿಯಲ್ಲಿದ್ದಾರೆ ಅಂತೀವಲ್ಲ, ಆ ಡ್ಯೂಟಿಯೂ ಇದೇ ಮನೆಯದು. ಮಾಡಲೇಬೇಕಾದ ಕೆಲಸ ಡ್ಯೂಟಿ, ಕೊಡಲೇಬೇಕಾದ ಹಣ ಡ್ಯೂ. ಕನ್ನಡದಲ್ಲಿ ಇವೆರಡಕ್ಕೂ ನಾವು ಋಣ ಅನ್ನುತ್ತೇವೆ. ಸಾಲದ್ದೂ ಋಣ, ತಾಯಿಯದ್ದೂ ಋಣ.

ಒಡವೆ ಸಾಲವನ್ನೋ ಸಂಘದ ಸಾಲವನ್ನೋ ಪೂರ್ತಿ ತೀರಿಸಿದ ದಿನ ಬರಿಗೈಯಲ್ಲಿ ಬರಬೇಡಿ. ನೋ ಡ್ಯೂ ಸರ್ಟಿಫಿಕೇಟ್ ಕೊಡಿ ಅಂತ ಕೇಳಿ. ಬಾಕಿ ಇಲ್ಲ ಅನ್ನುವ ಪತ್ರ ಅದು. ಜೋಪಾನವಾಗಿ ಇಡಿ.

ಇನ್ನು ಔಷಧಿ ಚೀಟಿ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮಾತ್ರೆಯ ಹೆಸರಿನ ಮುಂದೆ ಓ, ಡಿ ಎಂಬ ಎರಡು ಅಕ್ಷರ ಬರೆದಿರುತ್ತಾರೆ. ಸೇರಿಸಿ ಓದಿದರೆ 'ಓಡಿ' ಅಂತ ಕೇಳಿಸುತ್ತದೆ. ಬಿ, ಡಿ ಅಂತ ಬರೆದಿದ್ದರೆ 'ಬಿಡಿ' ಅಂತ ಕೇಳಿಸುತ್ತದೆ. ಓಡುವುದೂ ಬೇಡ, ಬಿಡುವುದೂ ಬೇಡ. ಓಡಿ ಅಂದರೆ ದಿನಕ್ಕೆ ಒಂದು ಸಲ. ಬಿಡಿ ಅಂದರೆ ದಿನಕ್ಕೆ ಎರಡು ಸಲ. ಟಿ, ಡಿ, ಎಸ್ ಅಂತ ಇದ್ದರೆ ಮೂರು ಸಲ. ಇಲ್ಲಿ ಡಿ ಅಂದರೆ ದಿನ. ಬ್ಯಾಂಕಿನ ಕಾಗದದಲ್ಲೂ ಟಿ.ಡಿ.ಎಸ್. ಅಂತ ಬರುತ್ತದೆ. ಅಲ್ಲಿ ಅದರ ಅರ್ಥ ಬೇರೆ. ಬಡ್ಡಿಯಲ್ಲಿ ಮೊದಲೇ ಮುರಿದುಕೊಂಡ ತೆರಿಗೆ ಅದು. ಅಲ್ಲಿನ ಡಿ ಅಂದರೆ ಡಿಡಕ್ಟೆಡ್, ಮುರಿದುಕೊಂಡಾಯಿತು ಅಂತ. ಬಾಲ ಗುರುತು ಸಿಕ್ಕಿತಾ?

ಒಂದು ಸಲಕ್ಕೆ ತೆಗೆದುಕೊಳ್ಳುವ ಔಷಧಿ ಡೋಸ್. ಒಂದು ಹೊತ್ತು ಮರೆತರೆ ಇನ್ನೊಂದು ಹೊತ್ತಿಗೆ ಎರಡು ಡೋಸ್ ಸೇರಿಸಿ ನುಂಗುವವರಿದ್ದಾರೆ. ಅದು ಅಪಾಯ. ಚೀಟಿ ಅರ್ಥವಾಗದಿದ್ದರೆ ಅಂಗಡಿಯವರನ್ನು ಕೇಳಿ, ಪಟ್ಟಣದ ಮೇಲೆ ಅವರೇ ಕನ್ನಡದಲ್ಲಿ ಬರೆದು ಕೊಡಲಿ. ಕೇಳೋದಕ್ಕೆ ಸಂಕೋಚ ಯಾಕೆ? ಡಾಕ್ಟರ್ ಅನ್ನುವ ಮಾತಿಗೆ ಹಳೆಯ ಲ್ಯಾಟಿನ್ ಭಾಷೆಯಲ್ಲಿ ಕಲಿಸುವವರು ಅಂತ ಅರ್ಥ. ನಮ್ಮ ಹಾಗೆ ಅವರೂ ಮೇಷ್ಟ್ರೇ!

ಡೇಟ್ ಅಂದರೆ ತಾರೀಕು. ನಮ್ಮ ದೇಶದಲ್ಲಿ ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ ಬರೆಯುತ್ತೇವೆ. ಹೆರಿಗೆಗೂ ಡೆಲಿವರಿ ಅಂತಾರೆ, ಗ್ಯಾಸ್ ಸಿಲಿಂಡರ್ ಮನೆಗೆ ತಂದು ಕೊಡುವುದಕ್ಕೂ ಡೆಲಿವರಿ ಅಂತಾರೆ. ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ಇ, ಡಿ, ಡಿ ಅಂತ ಇದ್ದರೆ ಅದು ಹೆರಿಗೆಯ ಅಂದಾಜು ತಾರೀಕು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಅದನ್ನು ಹಾಕುತ್ತಾರೆ. ಹೆರಿಗೆ ಆದ ಮೇಲೆ ಮನೆಗೆ ಕಳಿಸುವಾಗ ಡಿಸ್‌ಚಾರ್ಜ್ ಚೀಟಿ ಕೊಡುತ್ತಾರೆ.

ಈ 'ಡಿಸ್' ಅನ್ನುವ ತುಂಡು ಮಾತಿನ ತಲೆಗೆ ಬಂದರೆ ಅನೇಕ ಸಲ ಅರ್ಥ ತಿರುಗುತ್ತದೆ. ನ್ಯಾಯಕ್ಕೆ ಅ ಸೇರಿಸಿದರೆ ಅನ್ಯಾಯ ಆಗುವ ಹಾಗೆ. ಕನೆಕ್ಷನ್ ಅಂದರೆ ಕರೆಂಟಿನ ಸಂಪರ್ಕ. ಡಿಸ್‌ಕನೆಕ್ಷನ್ ಅಂದರೆ ಕಡಿದುಹಾಕುವುದು. ಕರೆಂಟು ಬಿಲ್ಲಿನ ಮೇಲೆ ಈ ಮಾತು ಕಂಡರೆ ಎಚ್ಚರ. ಡಿಸೀಜ್ ಅಂದರೆ ಕಾಯಿಲೆ. ಈಸ್ ಅಂದರೆ ಆರಾಮ, ಡಿಸ್ ಸೇರಿದರೆ ಆರಾಮಿಲ್ಲ. ನಾವೂ ಹಾಗೇ ಹೇಳುತ್ತೇವಲ್ಲ, ಮೈಯಲ್ಲಿ ಆರಾಮಿಲ್ಲ ಅಂತ.

ಇದರ ಹತ್ತಿರವೇ ಕೇಳಿಸುವ ಇನ್ನೊಂದು ಮಾತಿದೆ, ಡಿಸೀಸ್ಡ್. ಹಾಗಂದರೆ ತೀರಿಕೊಂಡವರು. ಒಂದು ಕಾಯಿಲೆ, ಇನ್ನೊಂದು ಸಾವು. ವಿಧವಾ ಪಿಂಚಣಿಗೆ, ವಿಮೆ ಹಣಕ್ಕೆ ಅರ್ಜಿ ಹಾಕುವಾಗ ಈ ಮಾತು ಬರಬಹುದು. ಅದರ ಎದುರು ತೀರಿಹೋದವರ ಹೆಸರು ಬರೆಯಬೇಕು, ಅರ್ಜಿ ಹಾಕುವವರ ಹೆಸರಲ್ಲ. ಡೆತ್ ಅಂದರೆ ಸಾವು. ಡೆತ್ ಸರ್ಟಿಫಿಕೇಟ್ ಇಲ್ಲದೆ ಹೆಂಡತಿಗೆ ಬರಬೇಕಾದ ಹಣ ಕೈಗೆ ಬರುವುದು ಕಷ್ಟ. ದುಃಖದ ಮನೆಯಲ್ಲಿ ಕಾಗದದ ಯೋಚನೆ ಯಾರಿಗೂ ಬರೋದಿಲ್ಲ, ನಿಜ. ಆದರೂ 21 ದಿನದೊಳಗೆ ಸಾವನ್ನು ಬರೆಸಬೇಕು. ಆಗ ಶುಲ್ಕ ಇಲ್ಲ. ನೆರೆಮನೆಯವರಾದರೂ ಇದನ್ನು ನೆನಪು ಮಾಡಿಕೊಡಬೇಕು.

ಭಾರ ಮಾತು ಸಾಕು, ಒಂದು ತಮಾಷೆ ನೋಡಿ. ಡೋರ್ ಅಂದರೆ ಬಾಗಿಲು, ಸಂಸ್ಕೃತದಲ್ಲಿ ದ್ವಾರ. ಡೆಂಟಿಸ್ಟ್ ಅಂದರೆ ಹಲ್ಲಿನ ಡಾಕ್ಟರು, ಸಂಸ್ಕೃತದಲ್ಲಿ ಹಲ್ಲಿಗೆ ದಂತ. ಡಿಸೆಂಬರ್ ಅನ್ನುವಲ್ಲಿ ಇರುವುದು ಹತ್ತು ಎಂಬ ಅರ್ಥ, ಅದೇ ದಶ. ಹಳೆಯ ರೋಮಿನ ಲೆಕ್ಕದಲ್ಲಿ ಅದು ಹತ್ತನೇ ತಿಂಗಳಾಗಿತ್ತು. ಡೊನೇಷನ್ ಅಂದರೆ ದಾನ. ಆ ಕಡೆಯ ಡ, ಈ ಕಡೆಯ ದ. ಬಹಳ ಬಹಳ ಹಿಂದೆ ಈ ಭಾಷೆಗಳಿಗೆ ಒಂದೇ ಬುಡ ಇತ್ತು ಅಂತ ತಿಳಿದವರು ಹೇಳುತ್ತಾರೆ. ದಾನ ಅಂದರೆ ಮನಸ್ಸಿನಿಂದ ಕೊಡುವುದು ಅಲ್ವಾ? ಮಗುವನ್ನು ಶಾಲೆಗೆ ಸೇರಿಸುವಾಗ ಒತ್ತಾಯ ಮಾಡಿ ಡೊನೇಷನ್ ಕೇಳಿದರೆ ಅದು ದಾನ ಅಲ್ಲ, ವಸೂಲಿ. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಅದಕ್ಕೆ ನಿಷೇಧ ಇದೆ.

ಡಾಟರ್ ಅಂದರೆ ಮಗಳು. ಇದೂ ಆ ಬುಡದ್ದೇ, ಸಂಸ್ಕೃತದಲ್ಲಿ ದುಹಿತೃ. ಅರ್ಜಿಗಳಲ್ಲಿ ನಿಮ್ಮ ಹೆಸರಿನ ಪಕ್ಕ ಡಿ, ಒಂದು ಓರೆ ಗೆರೆ, ಓ ಅಂತ ಇರುತ್ತದೆ. ಇಂಥವರ ಮಗಳು ಅಂತ ಅದರ ಅರ್ಥ. ಅದರ ಮುಂದೆ ಅಪ್ಪನ ಅಥವಾ ಅಮ್ಮನ ಹೆಸರು ಬರೆಯಬೇಕು. ಗಂಡನ ಹೆಸರಿಗೆ ಬೇರೆ ಅಕ್ಷರ ಇದೆ, ಡಬ್ಲ್ಯು. ಮದುವೆಯಾದ ಮೇಲೆ ಡಿ ಹೋಗಿ ಡಬ್ಲ್ಯು ಬರುತ್ತದೆ. ಹಾಗಂತ ಮಗಳಾಗಿರುವುದು ಹೋಗುತ್ತದಾ? ಕಾನೂನು ಹೋಗೋದಿಲ್ಲ ಅನ್ನುತ್ತದೆ.

ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಇರುವಷ್ಟೇ ಹಕ್ಕು ಮಗಳಿಗೂ ಇದೆ ಅಂತ 2005ರ ಸೆಪ್ಟೆಂಬರ್ 9ರಿಂದ ಕಾನೂನಾಯಿತು. ನಮ್ಮ ಕರ್ನಾಟಕದಲ್ಲಿ 1994ರಲ್ಲೇ ಅಂಥ ಕಾನೂನು ಬಂದಿತ್ತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಅದು ಸಿಗಲಿಲ್ಲ. 2005ರ ಕಾನೂನಿನಲ್ಲಿ ಆ ಭೇದ ಇಲ್ಲ. ಆಗ ತಂದೆ ಬದುಕಿರಬೇಕಿತ್ತು ಅಂತ ಕೆಲವರು ವಾದ ಮಾಡುತ್ತಿದ್ದರು. ಹಾಗೇನೂ ಇಲ್ಲ ಅಂತ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಭಾಗವಾಗಿ ರಿಜಿಸ್ಟರ್ ಆಗಿದ್ದರೆ ಮಾತ್ರ ಅದನ್ನು ಈಗ ಕೆದಕಲಾಗದು. ಮುಸ್ಲಿಂ, ಕ್ರಿಶ್ಚಿಯನ್ ಅಕ್ಕಂದಿರಿಗೆ ಪಾಲಿನ ಕಾನೂನು ಬೇರೆ, ಆದರೆ ಅಲ್ಲೂ ಮಗಳಿಗೆ ಪಾಲುಂಟು. ಮದುವೆಯಲ್ಲಿ ಕೊಟ್ಟಾಯ್ತಲ್ಲ, ಇನ್ನೇನು ಪಾಲು ಅಂತ ಕೇಳುವವರಿದ್ದಾರೆ. ಮದುವೆಯಲ್ಲಿ ಕೇಳಿ ತೆಗೆದುಕೊಳ್ಳುವುದಕ್ಕೆ ಡೌರಿ ಅಂತ ಹೆಸರು, ವರದಕ್ಷಿಣೆ. 1961ರಿಂದ ಅದು ಅಪರಾಧ. ಅದು ಪಾಲಿಗೆ ಸಮವಲ್ಲ.

ಕೊನೆಯ ಮಾತು ಡೀಡ್. ಡೂ ಅಂದರೆ ಮಾಡು. ಡಿಡ್ ಅಂದರೆ ಮಾಡಿದೆ. ಡನ್ ಅಂದರೆ ಮಾಡಿಯಾಯಿತು. ಡೀಡ್ ಅಂದರೆ ಮಾಡಿದ ಕೆಲಸ. ಇದಕ್ಕೆ 'ಎಡ್' ಬಾಲ ಹತ್ತುವುದಿಲ್ಲ, ಮಾತೇ ಒಳಗೊಳಗೆ ಬದಲಾಗುತ್ತದೆ. ನಮ್ಮ 'ಬಾ' ಹೋಗಿ 'ಬಂದ' ಆಗುವ ಹಾಗೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್ ಅಂದರೆ ಪತ್ರ. ಸೇಲ್ ಡೀಡ್ ಕ್ರಯಪತ್ರ, ಗಿಫ್ಟ್ ಡೀಡ್ ದಾನಪತ್ರ, ರಿಲೀಸ್ ಡೀಡ್ ಹಕ್ಕು ಬಿಡುಗಡೆ ಪತ್ರ.

ಹಬ್ಬಕ್ಕೆ ತವರಿಗೆ ಹೋದಾಗ ಅಣ್ಣನೋ ತಮ್ಮನೋ, 'ಅಕ್ಕಾ, ಸುಮ್ಮನೆ ಒಂದು ಸಹಿ ಬೇಕಿತ್ತು, ಸಾಲಕ್ಕೆ' ಅಂತ ಕರೆದುಕೊಂಡು ಹೋಗುವುದುಂಟು. ಸೀರೆಯೂ ಸಿಗುತ್ತದೆ, ಊಟವೂ ಸಿಗುತ್ತದೆ. ಪ್ರೀತಿಯಿಂದ ಪಾಲು ಬಿಟ್ಟುಕೊಡುವುದು ನಿಮ್ಮ ಇಷ್ಟ, ನಾವು ಬೇಡ ಅನ್ನೋದಿಲ್ಲ. ಆದರೆ ಬಿಟ್ಟೆ ಅನ್ನುವುದು ಗೊತ್ತಿದ್ದು ಬಿಡಬೇಕು. ಕಾಗದದ ತಲೆಯ ಮೇಲೆ ದೊಡ್ಡ ಅಕ್ಷರದಲ್ಲಿ ಏನು ಬರೆದಿದೆ ಅಂತ ಮೊದಲು ಓದಿ. ಹಕ್ಕು ಬಿಡುಗಡೆ, ರಿಲೀಸ್, ಖುಲಾಸೆ ಇಂಥ ಮಾತು ಇದ್ದರೆ ಪೆನ್ನು ಕೆಳಗಿಡಿ. ಕೊನೆಯ ಪುಟದಲ್ಲಿ ಸರ್ವೆ ನಂಬರು, ಎಕರೆ, ಗುಂಟೆ ಬರೆದಿರುತ್ತಾರೆ, ಅದನ್ನೂ ನೋಡಿ. ಇದು ನೀವೇ ಒಪ್ಪಿ ಬರೆದುಕೊಟ್ಟದ್ದಾ ಅಂತ ಸಬ್ ರಿಜಿಸ್ಟ್ರಾರ್ ಕೇಳುತ್ತಾರೆ. ಓದಿ ಹೇಳಿ ಸಾರ್ ಅನ್ನೋದಕ್ಕೆ ಆಗಲೂ ಸಮಯ ಇದೆ. ಹೆಬ್ಬೆಟ್ಟು ಒತ್ತಿದ ಮೇಲೆ ಅದು ಡೀಡ್.

ರಿಲೀಸ್ ಅನ್ನುವುದು ಆರ್ ಅಕ್ಷರದ ಮಾತು. ಆರ್ ಪಾಠ ಬಂದಾಗ ಅದನ್ನು ಬಿಡಿಸಿ ನೋಡೋಣ.