ಮಂಗಳ ಗ್ರಹಕ್ಕೆ ಹೋದ ಮಗು ಮಣ್ಣೆತ್ತನ್ನು ಯಾವ ಮಣ್ಣಿನಾಗ ಮಾಡಬೇಕು?

ಬಸ್ಸಿನಾಗ ಕಿಟಕಿ ಪಕ್ಕ ಕುಂತು ಕೇಳೋರಿಗೂ, ರಾತ್ರಿ ದೀಪ ಆರಿಸಿ ಹೊದಿಕೆಯೊಳಗ ಕೇಳೋರಿಗೂ, ಮುದ್ದೇಬಿಹಾಳದಿಂದ ನನ್ನ ನಮಸ್ಕಾರ.

ಈ ವಾರದ ಪ್ರಶ್ನೆ ಕೇಳಿದಾಕಿ ನನ್ನ ಅಕ್ಕನ ಮಗಳು. ಐದನೇ ಕ್ಲಾಸು. ಮೊಬೈಲ್‌ನಾಗ ಮಂಗಳ ಗ್ರಹದ ವಿಡಿಯೊ ನೋಡ್ತಾ ಇದ್ದಳು. ತಟ್ಟನೆ ಕೇಳಿದಳು: "ಮಾಮಾ, ನಾವೆಲ್ಲಾ ಮನಿ ಮಂದಿ ಅಲ್ಲಿಗೆ ಹೋದ್ರ ನನಗ ಹೊಂದಿಕಿ ಆಗತೈತೇನು?"

ನಾನು ಗೂಗಲ್ ತೆಗೆಯೋಕಿಂತ ಮೊದಲು ಅಡುಗೆಮನೆಯಿಂದ ಅಕ್ಕನ ಧ್ವನಿ ಬಂತು: "ನನ್ನ ಕೇಳು. ನಿನ್ನಷ್ಟು ಇದ್ದಾಗ ನಾನು ಹೋಗೀನಿ."

ಅಕ್ಕ ಹೇಳಿದ್ದು ಏನು ಅಂತ ಆಮೇಲೆ ಬರ್ತೀನಿ. ಮೊದಲು ಮಂಗಳದ ಲೆಕ್ಕ ಮುಗಿಸೋಣ. ನಾನು ಬಿ.ಕಾಂ., ವಿಜ್ಞಾನಿ ಅಲ್ಲ; ಆದರೆ ಲೆಕ್ಕ ಬರುತ್ತೆ.

ಮಂಗಳದ ಗುರುತ್ವ ನಮ್ಮದರ ಶೇಕಡಾ 38ರಷ್ಟು. ಇಲ್ಲಿ 30 ಕಿಲೋ ತೂಗುವ ಹುಡುಗಿ ಅಲ್ಲಿ ತಕ್ಕಡಿ ಮೇಲೆ ನಿಂತರೆ ಮುಳ್ಳು ಹನ್ನೊಂದೂವರೆ ಹತ್ತಿರ ನಿಲ್ಲುತ್ತೆ. ಒಂದು ಅಡಿ ಜಿಗಿಯೋಳು ಎರಡೂವರೆ ಅಡಿ ಜಿಗಿತಾಳೆ. ಮೊದಲ ವಾರ ಜಾತ್ರೆ ಇದ್ದಂಗೆ. ಸಮಸ್ಯೆ ಆಮೇಲೆ. ಎಲುಬು ಗಟ್ಟಿ ಆಗೋದು ಭಾರ ಹೊತ್ತಾಗ. ಬಾಹ್ಯಾಕಾಶದಲ್ಲಿ ತೇಲುತ್ತಾ ಇರುವ ದೊಡ್ಡವರೇ, ವ್ಯಾಯಾಮ ಬಿಟ್ಟರೆ, ತೊಡೆ-ಸೊಂಟದ ಎಲುಬಿನ ಸಾಂದ್ರತೆಯನ್ನು ತಿಂಗಳಿಗೆ ಶೇಕಡಾ 1ರಷ್ಟು ಕಳಕೊಳ್ತಾರೆ. ಬೆಳೆಯುವ ಮಗುವಿನ ಎಲುಬಿನ ಮೇಲೆ ಈ ಪ್ರಯೋಗ ಯಾರೂ ಮಾಡಿಲ್ಲ.

ಅಲ್ಲಿ ಒಂದು ದಿನ 24 ಗಂಟೆ 39 ನಿಮಿಷ ಚಿಲ್ಲರೆ, ಅದಕ್ಕೆ ಹೊಂದಿಕೊಳ್ಳಬಹುದು. ವರ್ಷ ಮಾತ್ರ ನಮ್ಮ 687 ದಿನ. ಹತ್ತು ವರ್ಷದ ಹುಡುಗಿಗೆ ಮಂಗಳದ ಲೆಕ್ಕದಲ್ಲಿ ಐದು ತುಂಬಿರುತ್ತೆ. ಸೂರ್ಯ ಮುಳುಗುವಾಗ ಅದರ ಸುತ್ತಲಿನ ಆಕಾಶ ನೀಲಿ. ಗಾಳಿಯ ಒತ್ತಡ ನಮ್ಮದರ ನೂರರಲ್ಲೊಂದು ಪಾಲೂ ಇಲ್ಲ, ಇರೋದರಲ್ಲೂ ಶೇಕಡಾ 95 ಇಂಗಾಲದ ಡೈಆಕ್ಸೈಡ್. ಅಂದ್ರೆ ಹೊರಗೆ ಆಡೋದು ಅಂತ ಇಲ್ಲ. ಸೂಟ್ ಹಾಕಿಕೊಂಡು ಹೋಗೋದು ಅಷ್ಟೇ.

ಇನ್ನು ಫೋನ್. ಅಜ್ಜಿಗೆ "ಊಟ ಆತೇನು?" ಅಂದರೆ ಆ ಮಾತು ಭೂಮಿಗೆ ಮುಟ್ಟೋಕೆ ಕನಿಷ್ಠ 3 ನಿಮಿಷ, ಎರಡೂ ಗ್ರಹ ದೂರ ಇದ್ದಾಗ ಸುಮಾರು 22 ನಿಮಿಷ. "ಆತವ್ವಾ" ಅಂತ ಉತ್ತರ ಬರೋಹೊತ್ತಿಗೆ 44 ನಿಮಿಷ. ವಾಟ್ಸ್ಆ್ಯಪ್‌ನಾಗ ಎರಡು ಟಿಕ್ ನೀಲಿ ಆಗಲಿಲ್ಲ ಅಂತ ಸಿಟ್ಟಾಗೋರು ನಾವು!

ಮನಸ್ಸಿನ ಕಥೆ ಏನು? ನಾಸಾ ಹೂಸ್ಟನ್‌ನಲ್ಲಿ ಮಂಗಳದ ಮನೆಯಂಥದ್ದೇ ಒಂದು ಮನೆ ಕಟ್ಟಿ, 2023ರ ಜೂನ್‌ನಿಂದ 2024ರ ಜುಲೈವರೆಗೆ ನಾಲ್ಕು ಜನರನ್ನು 378 ದಿನ ಅದರೊಳಗೆ ಇಟ್ಟಿತ್ತು. ನಾಲ್ವರೂ ದೊಡ್ಡವರು. ತಾವೇ ಅರ್ಜಿ ಹಾಕಿ ಆಯ್ಕೆಯಾದವರು. ಮಗು ಅರ್ಜಿ ಹಾಕೋದಿಲ್ಲ ನೋಡ್ರಿ. ಅಪ್ಪ-ಅವ್ವ ಗಂಟುಮೂಟೆ ಕಟ್ಟಿದರೆ ಅದು ಹಿಂದೆ ಹೋಗುತ್ತೆ. ಹಾಗೆ ಹೋದ ಮಕ್ಕಳು ನಮ್ಮ ಜಿಲ್ಲೆಯಲ್ಲೇ ಸಾವಿರಾರು ಇದ್ದಾರೆ. ಅಕ್ಕ ಅವರಲ್ಲಿ ಒಬ್ಬಳು.

ಹೊರಗಿನ ಕೇಳುಗರಿಗೆ ಸ್ವಲ್ಪ ಹಿನ್ನೆಲೆ. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲು ಹಾಕಿದ್ದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿ. ಜಲಾಶಯಕ್ಕೆ ಈಗ ಅವರದೇ ಹೆಸರು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್ ಮಟ್ಟಕ್ಕೆ ಒಪ್ಪಿಗೆ ಕೊಟ್ಟಿತು. ಅಷ್ಟು ತುಂಬಿದರೆ 123 ಟಿಎಂಸಿ ನೀರು. ಆ ನೀರಿನ ಹಿಂದೆ ಹಳ್ಳಿಗಳು ಮುಳುಗಿದವು. ಮೊಸರಿಗೆ ಹೆಸರಾದ ಕೊಲ್ಹಾರ ಬೇರೆ ಜಾಗಕ್ಕೆ ಬಂತು. ಹಳೇ ಬಾಗಲಕೋಟೆಯ ಒಂದು ಭಾಗ ಹೋಗಿ ನವನಗರ ಎದ್ದಿತು. ಅಲ್ಲಿ ಓಣಿಯ ಬದಲು ಸೆಕ್ಟರ್ ನಂಬರು. ಹಳ್ಳಿ ಬಿಟ್ಟವರಿಗೆ ಎತ್ತರದ ಜಾಗದಲ್ಲಿ ಪುನರ್ವಸತಿ ಕೇಂದ್ರ.

ನಮ್ಮ ಮನೆಯವರು ಹಳ್ಳಿ ಬಿಟ್ಟಾಗ ಅಕ್ಕನಿಗೆ ಹತ್ತು ವರ್ಷ, ನನಗೆ ಮೂರು. ನನಗೆ ನೆನಪಿರೋದು ಟ್ರ್ಯಾಕ್ಟರ್ ಮಾತ್ರ, ಅದರ ಮೇಲೆ ತಲೆಬಾಗಿಲು ಮಲಗಿಸಿದ್ದರು. ಉಳಿದದ್ದೆಲ್ಲಾ ಅಕ್ಕ ಮೊನ್ನೆ ಮಗಳಿಗೆ ಹೇಳಿದ್ದು.

"ಮೊದ್ಲ ಎಂಟು ದಿನ ಖುಷಿ ಇತ್ತು. ಅಗಲಾನ ರಸ್ತೆ, ಹೊಸಾ ಸಾಲಿ. ಆಮ್ಯಾಲ ರಾತ್ರಿ ನಿದ್ದಿ ಬರಲಿಲ್ಲ. ಹೊಳಿ ಸಪ್ಪಳ ಇರಲಿಲ್ಲ." ಹಳ್ಳಿಯಲ್ಲಿ ಎಡಕ್ಕೆ ಅಂದರೆ ಹೊಳೆ, ಬಲಕ್ಕೆ ಅಂದರೆ ಗುಡಿ. ಹೊಸ ಜಾಗದಲ್ಲಿ ಎಲ್ಲಾ ರಸ್ತೆ ಒಂದೇ ಥರ, ಗುರುತು ಹಿಡಿಯೋಕೆ ಒಂದು ಗಿಡ ಇಲ್ಲ. ಸಾಲಿಯಿಂದ ಬರುವಾಗ ಎರಡು ಸಲ ಬೇರೆಯವರ ಮನೆಗೆ ಹೋಗಿದ್ದಳಂತೆ. ಪ್ಲಾಟುಗಳು ಚೀಟಿ ಎತ್ತಿ ಹಂಚಿದ್ದರಿಂದ ಹಳೇ ಓಣಿಯವರು ಚದುರಿ ಹೋದರು. ಪಕ್ಕದ ಮನೆಯ ಗೆಳತಿ ಈಗ ಅರ್ಧ ಕಿಲೋಮೀಟರ್ ದೂರ. ದೊಡ್ಡವರಿಗೆ ಅದು ಹತ್ತು ನಿಮಿಷದ ನಡಿಗೆ. ಕತ್ತಲಾದ ಮೇಲೆ ಹತ್ತು ವರ್ಷದ ಹುಡುಗಿಗೆ ಅದೇ ಬೇರೆ ಊರು.

ಜೂನ್ ತಿಂಗಳಿಗೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಮನೆ ಮನೆಯಲ್ಲಿ ಮಣ್ಣಿನ ಎತ್ತು ಮಾಡಿ ಪೂಜೆ ಮಾಡ್ತಾರೆ, ಮಾಡೋದು ಹೆಚ್ಚಾಗಿ ಹುಡುಗರೇ. ಅಕ್ಕ ಹಿತ್ತಲಿನ ಮಣ್ಣು ಕಲಸಿದಳು. ಅದು ಗರಸು. ಕಾಲು ನಿಲ್ಲಲಿಲ್ಲ, ಕೊಂಬು ಉದುರಿತು. ಹೊಳೆ ದಂಡೆಯ ಕರಿ ಜಿಗುಟು ಮಣ್ಣು ಅಲ್ಲ ಅದು. ಮನೆ ಬಿಟ್ಟಾಗ ಅಳದಾಕಿ ಆವತ್ತು ಅತ್ತಳಂತೆ. ಮರುದಿನ ಅಜ್ಜ ಸೈಕಲ್ ಮೇಲೆ ಹೋಗಿ ಒಂದು ಚೀಲ ಹೊಳಿ ಮಣ್ಣು ತಂದರು. ಹಬ್ಬ ಒಂದು ದಿನ ತಡ ಆಯ್ತು. ಅಕ್ಕ ಓಣಿಯ ಹುಡುಗರನ್ನೆಲ್ಲಾ ಕರೆದಳು, ಮೂರು ಊರಿನ ಹುಡುಗರು, ಅಲ್ಲಿವರೆಗೆ ಒಬ್ಬರಿಗೊಬ್ಬರು ಊರ ಹೆಸರು ಹಿಡಿದು ಬೈದಾಡಿದವರು. ಅಜ್ಜನ ಚೀಲದಿಂದ ಎಲ್ಲರ ಎತ್ತು ಆದವು.

ಇಲ್ಲಿ ನನಗೆ ಮಂಗಳ ನೆನಪಾಯ್ತು. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಿನಲ್ಲಿ ಪರ್ಕ್ಲೋರೇಟ್ ಅನ್ನೋ ಲವಣ ಕಂಡುಹಿಡಿಯಿತು. ಮೈಯೊಳಗೆ ಸೇರಿದರೆ ಥೈರಾಯ್ಡ್‌ಗೆ ತೊಂದರೆ ಕೊಡುತ್ತೆ. ಅಂದ್ರೆ ಅಲ್ಲಿ ಮಗು ಬರಿಗೈಲಿ ಮಣ್ಣು ಮುಟ್ಟೋ ಹಂಗಿಲ್ಲ, ಅಜ್ಜನ ಸೈಕಲ್ಲೂ ಹೋಗಲ್ಲ.

ಅಕ್ಕನಿಗೆ ಇನ್ನೊಂದು ಅನುಕೂಲ ಇತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೇ ಊರಿನ ಕಲ್ಲುಗಳು ಮೇಲೆ ಬರ್ತಿದ್ದವು. ಮನೆಯವರು ಬುತ್ತಿ ಕಟ್ಟಿಕೊಂಡು ಹೋಗ್ತಿದ್ದರು. ನಮ್ಮ ಮನೆಯ ಕಟ್ಟೆ ಎಲ್ಲಿತ್ತು ಅಂತ ಅಕ್ಕ ನಿಂತು ತೋರಿಸ್ತಿದ್ದಳು. ಮೂರನೇ ಬೇಸಿಗೆಗೆ "ನಾನು ಬರೂದಿಲ್ಲ, ಇಲ್ಲೇ ಆಡ್ತೀನಿ" ಅಂದಳಂತೆ. ಅವ್ವ ಆವತ್ತು ನಿರಾಳ ಆದಳೋ, ಬೇಜಾರಾದಳೋ, ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಮಂಗಳದಿಂದ ನೋಡಿದರೆ ಭೂಮಿ ಒಂದು ಚುಕ್ಕಿ. ಕ್ಯೂರಿಯಾಸಿಟಿ ರೋವರ್ 2014ರಲ್ಲಿ ಫೋಟೊ ತೆಗೆದಿದೆ. ಆ ಚುಕ್ಕಿಯಲ್ಲಿ ಕಟ್ಟೆ ತೋರಿಸೋಕೆ ಆಗಲ್ಲ.

ಇದೆಲ್ಲಾ ಈಗ್ಯಾಕೆ ಅಂದರೆ, ಅಣೆಕಟ್ಟಿನ ನೀರಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗುವ ಜಮೀನಿಗೆ ಪರಿಹಾರ ನಿಗದಿ ಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಅಂದ್ರೆ ಇನ್ನಷ್ಟು ಟ್ರ್ಯಾಕ್ಟರ್, ಇನ್ನಷ್ಟು ಹತ್ತು ವರ್ಷದವರು. ದುಡ್ಡು ಬೇಡ ಅನ್ನಲ್ಲ, ಅದು ಬೇಕೇ ಬೇಕು. ಆದರೆ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತ ಒಂದು ಸಾಲು ಇದೆ. ಅಂಗಡಿ ಮಾರುವಾಗ ಗೋಡೆ, ಸಾಮಾನು ಬಿಟ್ಟು ಅದಕ್ಕೂ ಬೆಲೆ ಕಟ್ತಾರೆ. ಊರು ಹೋಗುವಾಗ ಆ ಸಾಲು ಯಾರೂ ಬರೆಯಲ್ಲ.

ಬರೆದರೆ ಅದರಲ್ಲಿ ಏನಿರಬೇಕು ಅಂತ ಅಕ್ಕನನ್ನೇ ಕೇಳಿದೆ. ಮೂರೇ ಹೇಳಿದಳು. ಹಳೇ ಓಣಿಯವರಿಗೆ ಅಕ್ಕಪಕ್ಕ ಪ್ಲಾಟು ಕೊಡ್ರಿ. ಮಂದಿ ಬರೂದ್ಕಿಂತ ಮೂರು ವರ್ಷ ಮೊದ್ಲ ಗಿಡ ಹಚ್ರಿ. ಹಳೇ ಸಾಲಿ ಮಾಸ್ತರನ್ನ ಒಂದು ವರ್ಷನಾದ್ರೂ ಜೋಡಿ ಕಳಿಸ್ರಿ.

ಸೊಸೆಗೆ ಉತ್ತರ ಸಿಕ್ತಾ? ಅವ್ವನ ಮಾತೆಲ್ಲಾ ಕೇಳಿ ಆಕೆ ಕೇಳಿದ್ದು ಒಂದೇ: "ರಾಕೆಟ್‌ನಾಗ ಒಂದು ಚೀಲ ಮಣ್ಣು ಹಿಡಿಸತೈತಿಲ್ಲ?"

ಲೆಕ್ಕ ಮಾಡಿ ಹೇಳ್ತೀನಿ ಅಂದೀನಿ. ನಿಮ್ಮ ಮನೆಯಲ್ಲೂ ಊರು ಬಿಟ್ಟು ಬಂದವರಿದ್ದರೆ, ಮೊದಲ ವರ್ಷ ಹೆಂಗಿತ್ತು ಅಂತ ಇವತ್ತು ರಾತ್ರಿ ಒಮ್ಮೆ ಕೇಳ್ರಿ. ವಾಯ್ಸ್ ನೋಟ್ ಕಳಿಸಿದರೆ ಮುಂದಿನ ವಾರ ಹಾಕ್ತೀನಿ. ಬರ್ಲಾ?