ಸದ್ದು ಮಾಡಿ ಸಾಯುವ ಕೋಶ

ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಡಗಲು ಆರಿಸಿಕೊಳ್ಳುವ ಜಾಗ ಯಾವುದು ಗೊತ್ತೆ? ತನ್ನನ್ನು ನುಂಗಿ ಕೊಲ್ಲಬೇಕಾದ ಮ್ಯಾಕ್ರೋಫೇಜ್ ಕೋಶದ ಒಡಲು. ಟೈಫಾಯ್ಡ್ ತರುವುದೂ ಇದೇ ಕುಲದ್ದು. ಒಳಗೇ ಕುಳಿತು ಸಂತಾನ ಬೆಳೆಸುವ ಇಂಥ ಶತ್ರುವಿಗೆ ಮ್ಯಾಕ್ರೋಫೇಜ್ ಕೊಡುವ ಉತ್ತರ ತನ್ನದೇ ಸಾವು.

ಬ್ಯಾಕ್ಟೀರಿಯಾದ ಈಜುಬಾಲದ ಪ್ರೋಟೀನಿನ ಸುಳಿವು ಸಿಕ್ಕೊಡನೆ ಕೋಶದೊಳಗಿನ ಕೆಲವು ಪ್ರೋಟೀನುಗಳು ಕೂಡಿ ಇನ್‌ಫ್ಲಮಸೋಮ್ ಎಂಬ ಕೂಟ ಕಟ್ಟುತ್ತವೆ. ಅದು ಎಬ್ಬಿಸುವುದು ಕ್ಯಾಸ್ಪೇಸ್-1 ಎಂಬ ಕಿಣ್ವವನ್ನು. ಕೊಲ್ಲುವುದೂ ಅದೇ, ಕೂಗಿ ಹೇಳುವುದೂ ಅದೇ. ನನಗೆ ಬಹಳ ಅಚ್ಚರಿಯೆನಿಸುವುದು ಇದು.

ಜಡವಾಗಿ ಬಿದ್ದಿರುವ ಇಂಟರ್‌ಲ್ಯೂಕಿನ್-1 ಬೀಟಾವನ್ನು ಈ ಕಿಣ್ವ ಕತ್ತರಿಸಿ ಚುರುಕುಗೊಳಿಸುತ್ತದೆ. ಜ್ವರ ಬರಿಸಿ, ಉರಿಯೂತ ಎಬ್ಬಿಸಿ, ನ್ಯೂಟ್ರೋಫಿಲ್ ಕೋಶಗಳನ್ನು ಕರೆಸುವ ಸಂದೇಶವಾಹಕ ಅದು. ಆದರೆ ಕೋಶದಿಂದ ಹೊರಬೀಳುವ ಮಾಮೂಲಿ ದಾರಿ ಅದಕ್ಕಿಲ್ಲ. ದಾರಿ ತೆರೆಯುವುದು ಗ್ಯಾಸ್ಡರ್ಮಿನ್ ಡಿ. 2015ರಲ್ಲಿ ಬೀಜಿಂಗ್‌ನ ಫೆಂಗ್ ಶಾವೊ ಮತ್ತು ಅಮೆರಿಕದ ವಿಶ್ವ ದೀಕ್ಷಿತ್ ಅವರ ತಂಡಗಳು ಬೇರೆಬೇರೆಯಾಗಿಯೇ ಇದರ ಕೆಲಸವನ್ನು ಗುರುತಿಸಿದವು. ಈ ಪ್ರೋಟೀನಿನ ಒಂದು ಅರ್ಧ ಕೊಲೆಗಾರ, ಇನ್ನೊಂದು ಅರ್ಧ ಅದಕ್ಕೆ ಹಾಕಿದ ಮೂಗುದಾರ. ಕ್ಯಾಸ್ಪೇಸ್ ನಡುವೆ ಕತ್ತರಿಸಿತೋ, ಬಿಡುಗಡೆಯಾದ ಅರ್ಧಗಳು ಪೊರೆಗೆ ನುಗ್ಗಿ, ಮೂವತ್ತರಷ್ಟು ಸೇರಿ ಉಂಗುರವಾಗಿ, ಸುಮಾರು 20 ನ್ಯಾನೋಮೀಟರ್ ಅಗಲದ ರಂಧ್ರ ಕೊರೆಯುತ್ತವೆ. ಇಂಟರ್‌ಲ್ಯೂಕಿನ್ ಸಲೀಸಾಗಿ ಹೊರಬರುತ್ತದೆ. ನೀರು ಒಳನುಗ್ಗಿ ಕೋಶ ಉಬ್ಬುತ್ತದೆ. ಅಡಗುತಾಣ ಕಳೆದುಕೊಂಡ ಬ್ಯಾಕ್ಟೀರಿಯಾ ಆಗಲೇ ಧಾವಿಸಿ ಬಂದ ನ್ಯೂಟ್ರೋಫಿಲ್‌ಗಳ ಕೈಗೆ ಸಿಗುತ್ತದೆ.

ದಿನವೂ ನಮ್ಮೊಳಗೆ ಕೋಟ್ಯಂತರ ಕೋಶಗಳು ಮುದುಡಿ, ಚೂರಾಗಿ, ಸದ್ದಿಲ್ಲದೆ ಸಾಯುತ್ತವೆ, ಉರಿಯೂತ ಏಳುವುದಿಲ್ಲ. ಆದರೆ ಪೈರಾಪ್ಟೋಸಿಸ್ ಎಂದು ಕರೆಯುವ ಮ್ಯಾಕ್ರೋಫೇಜಿನ ಈ ಸಾವು ಸದ್ದು ಮಾಡುವುದಕ್ಕೆಂದೇ ಇರುವುದು. ಹಾಗಾಗಿ ಇದು ಮಿತಿಮೀರಿದರೆ ಅಪಾಯ. ಸಾಮಾನ್ಯ ಇಲಿಗಳನ್ನು ಕೊಲ್ಲುವಷ್ಟು ಬ್ಯಾಕ್ಟೀರಿಯಾ ವಿಷ ಕೊಟ್ಟರೂ ಗ್ಯಾಸ್ಡರ್ಮಿನ್ ಡಿ ಇಲ್ಲದ ಇಲಿಗಳು ಬದುಕಿದವು. ಅಂದರೆ ನಂಜೇರಿದಾಗ ಕೊಲ್ಲುವುದು ವಿಷವೊಂದೇ ಅಲ್ಲ, ಅದಕ್ಕೆ ದೇಹ ಕೊಡುವ ಉತ್ತರವೂ ಹೌದು.

ರಂಧ್ರ ಬಿದ್ದ ಮೇಲೆ ಕೋಶ ತಾನಾಗಿ ಒಡೆಯುತ್ತದೆಂದೇ ಬಹುಕಾಲ ನಂಬಲಾಗಿತ್ತು. ಪೊರೆ ಹರಿಯಲು ನಿಂಜ್-1 ಎಂಬ ಬೇರೊಂದು ಪ್ರೋಟೀನ್ ಬೇಕೆಂದು 2021ರಲ್ಲಿ ದೀಕ್ಷಿತ್ ತಂಡವೇ ತೋರಿಸಿತು. ಅದಿಲ್ಲದ ಮ್ಯಾಕ್ರೋಫೇಜ್ ಸಾಯುತ್ತದೆ, ಇಂಟರ್‌ಲ್ಯೂಕಿನ್ ಬಿಡುತ್ತದೆ, ಆದರೆ ಒಡೆಯದೆ ಬಲೂನಿನಂತೆ ಉಳಿಯುತ್ತದೆ. ಒಳಗಿನ ದೊಡ್ಡ ಅಣುಗಳು ಹೊರಚೆಲ್ಲುವುದಿಲ್ಲ. ನಿಂಜ್-1ನ್ನು ತಡೆಯುವ ಪ್ರತಿಕಾಯ ಕೊಟ್ಟ ಇಲಿಗಳಲ್ಲಿ ಯಕೃತ್ತಿನ ಹಾನಿ ತಗ್ಗಿದ್ದು 2023ರಲ್ಲಿ ವರದಿಯಾಯಿತು.